ಫಿಲಿಪ್ಪೀನ್ಸ್‌ನಲ್ಲಿ ಮಿಷನರಿಯಾಗಿ ಮೊದಲ ಕ್ರಿಸ್‌ಮಸ್ಸಾ? ಹೀಗೆ ಮಾಡಿ

ಮಾರ್ಮನ್ ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ. ಅದರ ಹುಡುಗರ ಮಿಷನ್, ಅಂದರೆ ಮನೆ ಬಿಟ್ಟು ಹೋಗಿ ಮಾಡುವ ಧರ್ಮಪ್ರಚಾರ, 2 ವರ್ಷ, ಹುಡುಗಿಯರದ್ದು 18 ತಿಂಗಳು. ಅಂದರೆ ಒಂದು ಕ್ರಿಸ್‌ಮಸ್ ಆದರೂ ಮನೆಯಿಂದ ದೂರ. ಫಿಲಿಪ್ಪೀನ್ಸ್‌ಗೆ ಕಳಿಸಿದರೆ ಕಥೆಯೇ ಬೇರೆ, ಅಲ್ಲಿ ಸೆಪ್ಟೆಂಬರ್‌ಗೇ ಮಾಲ್‌ಗಳಲ್ಲಿ ಕ್ರಿಸ್‌ಮಸ್ ಹಾಡು ಶುರುವಾಗುತ್ತದೆ, ಮನೆಯ ನೆನಪೂ ಆಗಲೇ ಶುರು.

ಮನೆಯವರ ಜೊತೆ ಫೋನ್ ಸಮಯ ಮೊದಲೇ ಗೊತ್ತು ಮಾಡಿಕೊಳ್ಳಿ. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು, ಅದಕ್ಕೆ ಮೊದಲು ವರ್ಷಕ್ಕೆ ಎರಡೇ ಸಲ! ಮಾರ್ಮನ್ನರು ಹೆಚ್ಚಿರುವ ಅಮೆರಿಕದ ಯೂಟಾದಲ್ಲಿ ಡಿಸೆಂಬರ್ 24ರ ಸಂಜೆ 6 ಅಂದರೆ ಮನಿಲಾದಲ್ಲಿ 25ರ ಬೆಳಿಗ್ಗೆ 9.

ಡಿಸೆಂಬರ್ 16ರಿಂದ 24ರವರೆಗೆ ಕ್ಯಾಥೊಲಿಕರು ನಸುಕಿನಲ್ಲೇ ಎದ್ದು ಸಿಂಬಾಂಗ್ ಗಾಬಿ ಪೂಜೆಗೆ ಹೋಗುತ್ತಾರೆ. ಚರ್ಚ್ ಬಾಗಿಲಲ್ಲಿ ನಿಂತು ಅವರಿಗೆ ಕರಪತ್ರ ಹಂಚೋದು ಬೇಡ. ನನ್ನ ಪ್ರಕಾರ ಅದು ಸರಿಯಲ್ಲ. ಹೊರಗಿನ ಗಾಡಿಯಲ್ಲಿ ಪುಟೊ ಬುಂಬೊಂಗ್ ತಿನ್ನಿ: ಬಿದಿರಿನ ಕೊಳವೆಯಲ್ಲಿ ಬೇಯಿಸಿದ ನೇರಳೆ ಬಣ್ಣದ ಅಕ್ಕಿ ತಿಂಡಿ, ಮೇಲೆ ಬೆಣ್ಣೆ, ಕಾಯಿತುರಿ, ಸಕ್ಕರೆ. ನಮ್ಮ ಕರಾವಳಿಯವರಿಗೆ ಪುಟ್ಟು ನೆನಪಾಗುತ್ತದೆ. ಜೊತೆಗೆ ಕಾಫಿ ಕೊಟ್ಟರೆ ನಿಮ್ಮ ಪಂಥದಲ್ಲಿ ಅದು ವರ್ಜ್ಯ ಅಲ್ವಾ, ಸುಮ್ನೆ ಮುಖ ಸಣ್ಣ ಮಾಡಬೇಡಿ, ಸಲಾಬಾತ್ ಕೇಳಿ. ಅದು ಬಿಸಿ ಶುಂಠಿ ಕಷಾಯ.

24ರ ನಡುರಾತ್ರಿಯ ನೋಚೆ ಬ್ವೇನಾ ಊಟಕ್ಕೆ ಎಲ್ಲರೂ ಕರೆಯುತ್ತಾರೆ. ರಾತ್ರಿ ಬೇಗ ಮನೆ ಸೇರುವ ನಿಯಮವಿದೆ ಅಂತ ಮೊದಲೇ ಹೇಳಿಬಿಡಿ, ಮಧ್ಯಾಹ್ನವೇ ಹೋಗಿ. ಒಂದೇ ದಿನ ಮೂರು ಮನೆ ಒಪ್ಪಿಕೊಂಡರೆ ಮೂರು ಕಡೆಯೂ ಉಣ್ಣಲೇಬೇಕು, ಆದ್ದರಿಂದ ಮೊದಲ ಮನೆಯಲ್ಲಿ ಸ್ವಲ್ಪವೇ ಬಡಿಸಿಕೊಳ್ಳಿ. ಹಿರಿಯರು ಕೈ ಚಾಚಿದರೆ ಕುಲುಕಬೇಡಿ, ಬಗ್ಗಿ ಆ ಕೈಯನ್ನು ನಿಮ್ಮ ಹಣೆಗೆ ಮುಟ್ಟಿಸಿಕೊಳ್ಳಿ.

ಬಾಗಿಲಿಗೆ ಮಕ್ಕಳು ಹಾಡುತ್ತಾ ಬರುತ್ತಾರೆ. ಚಿಲ್ಲರೆ ಜಾಸ್ತಿ ಇಟ್ಟುಕೊಂಡಿರಿ.