ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ವೆಟ್ ಬ್ಲಾಸ್ಟಿಂಗ್ ಪೆಟ್ಟಿಗೆ

ಹಳೆಯ ಬೈಕಿನ ಕಾರ್ಬ್ಯುರೇಟರ್, ಇಂಜಿನ್ ಕವರ್‌ಗಳಂಥ ಅಲ್ಯೂಮಿನಿಯಂ ಭಾಗಗಳನ್ನು ಧೂಳೆಬ್ಬಿಸದೆ ಹೊಳಪಿಗೆ ತರಲು, ನೀರು ಮತ್ತು ಗಾಜಿನ ಮಣಿಗಳ ಮಿಶ್ರಣವನ್ನು ಒತ್ತಡದ ಗಾಳಿಯಿಂದ ಚಿಮ್ಮಿಸುವ ವೆಟ್ ಬ್ಲಾಸ್ಟಿಂಗ್ ಅತ್ಯಂತ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ಟಿಗೆಗೆ 200 ಲೀಟರಿನ ದಪ್ಪ ಪ್ಲಾಸ್ಟಿಕ್ ಡ್ರಮ್ ಸಾಕು. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಕೊಳ್ಳುವಾಗ ಅದರಲ್ಲಿ ಹಿಂದೆ ಏನು ತುಂಬಿತ್ತೆಂದು ತಪ್ಪದೆ ವಿಚಾರಿಸಬೇಕು.

ಇಡೀ ಯಂತ್ರದ ಜೀವ ಇರುವುದು ತಳದಲ್ಲಿ. ನಾಲ್ಕು ಪಾಲು ನೀರಿಗೆ ಒಂದು ಪಾಲು ಗಾಜಿನ ಮಣಿ ಬೆರೆಸಿದರೆ, ಮಣಿಗಳು ಕ್ಷಣದಲ್ಲಿ ಕೆಳಗಿಳಿದು ಗಟ್ಟಿಯಾಗಿ ಕೂರುತ್ತವೆ. ಆದ್ದರಿಂದ ತಳವನ್ನು ಆಲಿಕೆಯಂತೆ ಕಡಿದಾಗಿ ಇಳಿಸಿ, ಕೊಳಚೆ ನೀರೆತ್ತುವ ಪಂಪಿನ ಹೊರಹರಿವಿಗೆ ಟೀ (T ಆಕಾರದ ಕೊಳವೆ ಕೀಲು) ಜೋಡಿಸಿ, ಒಂದು ಕವಲನ್ನು ಮಿಶ್ರಣ ಚಿಮ್ಮಿಸುವ ಗನ್ನಿಗೂ ಇನ್ನೊಂದನ್ನು ವಾಲ್ವ್ ಮೂಲಕ ಮರಳಿ ತಳಕ್ಕೂ ಹರಿಸಿ ಮಿಶ್ರಣವನ್ನು ಸದಾ ಕದಡುತ್ತಿರಬೇಕು. ನದಿಯ ಮರಳನ್ನು ಎಂದಿಗೂ ಬಳಸಬಾರದು, ಏಕೆಂದರೆ ಅದರಲ್ಲಿರುವ ಸಿಲಿಕಾ ಒಣಗಿ ಧೂಳಾದಾಗ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ಕಾಯಿಲೆ ತರಬಲ್ಲದು.

ಗನ್ನಿನೊಳಗಿನ ಗಾಳಿಯ ರಂಧ್ರ 3 ಮಿಲಿಮೀಟರ್ ಇದ್ದರೆ ಸುಮಾರು 5 ಅಶ್ವಶಕ್ತಿಯ ಕಂಪ್ರೆಸರ್ ಬೇಕಾಗುತ್ತದೆ. ರಂಧ್ರ ದೊಡ್ಡದಾದಷ್ಟೂ ಗಾಳಿ ಸಾಲುವುದಿಲ್ಲ. ಒಳನುಗ್ಗಿದ ಗಾಳಿ ಹೊರಹೋಗಲು ಅಗಲವಾದ ಪಿವಿಸಿ ಕೊಳವೆ ಇಲ್ಲದಿದ್ದರೆ ಪೆಟ್ಟಿಗೆಯೊಳಗೆ ಕೈಹಾಕಲು ಜೋಡಿಸಿದ ರಬ್ಬರ್ ಕೈಗವಸುಗಳು ಒಳಗಿನ ಒತ್ತಡಕ್ಕೆ ಕೈಗೆ ಬಿಗಿದುಕೊಂಡು ಹೊರಕ್ಕೆ ತಳ್ಳಲ್ಪಟ್ಟು, ಕೆಲಸ ಮಾಡುವುದೇ ಕಷ್ಟವಾಗುತ್ತದೆ. ಕಿಟಕಿಯ ಗಾಜಿಗೆ ಒಳಗಿನಿಂದ ವೈಪರ್, ಹೊರಗಿನಿಂದ 12 ವೋಲ್ಟ್ ದೀಪ ಇರಲಿ. ಪಂಪಿನ ವಿದ್ಯುತ್ ಸಂಪರ್ಕಕ್ಕೆ ಅರ್ಥಿಂಗ್ ಜೊತೆಗೆ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ.

ತೊಳೆದ ಭಾಗಗಳ ಎಣ್ಣೆಯ ರಂಧ್ರಗಳಲ್ಲಿ ಒಂದೂ ಮಣಿ ಉಳಿಯದಂತೆ ಶುದ್ಧ ನೀರು ಹಾಯಿಸಿ, ಗಾಳಿ ಊದಬೇಕು. ಕಬ್ಬಿಣದ ಭಾಗವಾದರೆ ಒಣಗಿಸಿದ ಕೂಡಲೇ ಎಣ್ಣೆ ಸವರಬೇಕು.