ಹಳೆ ಲೇತ್ ರಿಪೇರಿ: ತುಕ್ಕಿಗೆ ಹೆದರಬೇಡಿ, ಸವೆತ ನೋಡಿ

ಕಾಸರಗೋಡಿನ ಕಡೆ ಕೈಬದಲಾಗಿ ಬರುವ ಹಳೆ ಲೇತುಗಳಲ್ಲಿ (ಲೋಹದ ಸಲಾಕೆಯನ್ನು ತಿರುಗಿಸಿ ಟೂಲಿನಿಂದ ಕಡೆಯುವ ಯಂತ್ರ) ಪಂಜಾಬಿನ ಬಟಾಲ, ಗುಜರಾತಿನ ರಾಜ್‌ಕೋಟ್ ಕಡೆಯ ಬೆಲ್ಟ್ ಪುಲ್ಲಿಯವು ಸಾಕಷ್ಟಿವೆ. ಶೆಡ್ಡಿನ ಮೂಲೆಯಲ್ಲಿ ಎರಡು ಮಳೆಗಾಲ ಕಳೆದರೆ ಮೈಯೆಲ್ಲ ಕೆಂಪಾಗಿ ಗುಜರಿಯಂತೆ ಕಾಣುತ್ತವೆ. ಬೆಲೆ ಇಳಿಯುವುದು ಆ ಕೆಂಪಿನಿಂದ, ಅದು ಕೊಳ್ಳುವವರಿಗೆ ಒಳ್ಳೆಯದೇ. ಮೇಲಿನ ತುಕ್ಕು ಕೈಕೆಲಸಕ್ಕೆ ಹೋಗುತ್ತದೆ. ಬೆಡ್ (ಲೇತಿನ ಉದ್ದಕ್ಕೂ ಇರುವ ಹಳಿಯಂಥ ತಳ) ಸವೆದಿದ್ದರೆ ಗ್ರೈಂಡಿಂಗಿಗೆ ಕಳಿಸಬೇಕು, ಆ ಖರ್ಚು ಲೇತಿನ ಬೆಲೆಯನ್ನೇ ಮೀರಬಹುದು.

ಸವೆತ ತಿಳಿಯಲು ಒಂದು ಸ್ಪ್ಯಾನರ್ ಸಾಕು. ಸ್ಯಾಡಲನ್ನು (ಟೂಲ್ ಹೊತ್ತು ಬೆಡ್ಡಿನ ಮೇಲೆ ಸರಿಯುವ ಭಾಗ) ಚಕ್ಕಿನ (ಸಲಾಕೆಯನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗ) ಬುಡಕ್ಕೆ ತಂದು, ಅದರ ಹಿಡಿತವನ್ನು ಸ್ವಲ್ಪ ಬಿಗಿ ಅನ್ನಿಸುವಷ್ಟು ಸೆಟ್ ಮಾಡಿ, ಟೇಲ್‌ಸ್ಟಾಕಿನ (ಬೆಡ್ಡಿನ ಇನ್ನೊಂದು ತುದಿಯ ಆಧಾರ) ಕಡೆಗೆ ಸರಿಸಿ. ಅಲ್ಲಿ ಬಿಗಿದು ನಿಂತರೆ ಚಕ್ಕಿನ ಬುಡದಲ್ಲಿ ಬೆಡ್ ತಗ್ಗಾಗಿದೆ ಎಂದರ್ಥ. ಕೆಲಸವೆಲ್ಲ ಅಲ್ಲೇ ನಡೆಯುವುದರಿಂದ ಸವೆಯುವುದೂ ಅಲ್ಲೇ. ಸವೆದ ಭಾಗದ ಅಂಚಿನ ಮೆಟ್ಟು ಉಗುರಿಗೆ ಮಾತ್ರ ತಡೆದರೆ ಬೆಲೆ ಇಳಿಸಿ ಕೊಳ್ಳಬಹುದು. ಕಣ್ಣಿಗೇ ಎದ್ದು ಕಂಡರೆ ನಾನು ಬಿಟ್ಟುಬಿಡುತ್ತೇನೆ. ಟೂಲ್ ನೇರ ಕೆಳಗಿಳಿದರೆ ನಷ್ಟ ಅಲ್ಪ: 25 ಮಿ.ಮೀ ಸಲಾಕೆಯ ಮೇಲೆ ಟೂಲ್ 0.1 ಮಿ.ಮೀ ಇಳಿದರೂ ವ್ಯಾಸದಲ್ಲಿ ಬರುವ ವ್ಯತ್ಯಾಸ ಒಂದು ಮೈಕ್ರಾನಿಗಿಂತ ಕಡಿಮೆ. ಅದೇ 0.1 ಅಡ್ಡ ಸರಿದರೆ ವ್ಯಾಸ 0.2 ಕೆಡುತ್ತದೆ. ಆದ್ದರಿಂದ ಸ್ಯಾಡಲ್ ಅಡ್ಡ ಸರಿಯದಂತೆ ಹಿಡಿಯುವ ಬೆಡ್ಡಿನ 'ವಿ' ಏಣನ್ನೇ ಹೆಚ್ಚು ಗಮನಿಸಬೇಕು.

ಬಿಚ್ಚುವಾಗ ಚಕ್ ಹಿಡಿದುಕೊಂಡಿರುವುದು ಮಾಮೂಲು. ಬ್ಯಾಕ್ ಗೇರ್ (ನಿಧಾನ ಓಟದ ಗೇರ್) ಹಾಕಿ ಸ್ಪಿಂಡಲ್ (ಚಕ್ ಕೂರುವ ಶಾಫ್ಟ್) ಲಾಕ್ ಮಾಡಿ ಹೊಡೆಯಬೇಡಿ, ಬೀಡಿನ (ಎರಕದ ಕಬ್ಬಿಣದ) ಗೇರಿನ ಹಲ್ಲು ಹಾರುತ್ತದೆ. ಥ್ರೆಡ್ಡಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ. ಆಮೇಲೆ ಚಕ್ಕಿಗೆ ಆರು ಮೂಲೆಯ ಸಲಾಕೆ ಕಚ್ಚಿಸಿ, ಪುಲ್ಲಿಯನ್ನು ಬೆಲ್ಟಿನಿಂದ ಬಿಗಿಹಿಡಿದು ಸ್ಪ್ಯಾನರಿನಿಂದ ತಿರುಗಿಸಿ.

ಬೆಡ್ಡಿಗೆ ಆಂಗಲ್ ಗ್ರೈಂಡರ್, ಎಮರಿ ಎರಡೂ ಮುಟ್ಟಬಾರದು. ಗ್ರೈಂಡರ್ ಹೊಂಡ ಮಾಡುತ್ತದೆ, ಎಮರಿಯ ಕಣ ಸ್ಯಾಡಲಿನಡಿ ಕೂತು ಸವೆಸುತ್ತಲೇ ಇರುತ್ತದೆ. ಚಿಮಿಣಿ ಎಣ್ಣೆ ಸವರಿ ಬ್ಲೇಡನ್ನು ಮಲಗಿಸಿ ಹೆರೆಯುವುದೇ ದಾರಿ. ಹ್ಯಾಂಡ್ ವೀಲ್, ಬ್ರಾಕೆಟ್, ಗೇರುಗಳಿಗೆ ನಾನು ಕರೆಂಟ್ ವಿಧಾನ ಬಳಸಿದೆ. 20 ಲೀಟರ್ ನೀರಿನ ಪ್ಲಾಸ್ಟಿಕ್ ತೊಟ್ಟಿಗೆ ಸುಮಾರು 100 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟಿನ ಹಳೆ ಮಾದರಿಯ ಬ್ಯಾಟರಿ ಚಾರ್ಜರ್. ತುಕ್ಕಿನ ಭಾಗಕ್ಕೆ ನೆಗೆಟಿವ್, ಎದುರಿಗೆ ಇಳಿಸಿದ ಬೇಡದ ಕಬ್ಬಿಣಕ್ಕೆ ಪಾಸಿಟಿವ್. ಅವೆರಡು ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ತೊಟ್ಟಿಯನ್ನು ಹೊರಗೇ ಇಡಿ, ಕಿಡಿ ಹಾರುವ ಕೆಲಸ ಹತ್ತಿರ ಬೇಡ. ಅಲ್ಯೂಮಿನಿಯಂ ಮತ್ತು ಸ್ಪ್ರಿಂಗ್ ಇದಕ್ಕೆ ಹಾಕಬೇಡಿ: ಒಂದು ಕರಗುತ್ತದೆ, ಇನ್ನೊಂದು ಪೆಡಸಾಗಿ ಮುರಿಯುತ್ತದೆ.

ಹೊರತೆಗೆದ ಮೇಲಿನ ಹತ್ತು ನಿಮಿಷವೇ ಮುಖ್ಯ. ಆಟಿ ತಿಂಗಳ ಮಳೆಗಾಲದ ಹವೆಯಲ್ಲಿ ಒದ್ದೆ ಕಬ್ಬಿಣ ನೋಡುತ್ತಿದ್ದಂತೆ ಹಳದಿಯಾಗುತ್ತದೆ. ತೊಳೆದು, ಹೇರ್ ಡ್ರೈಯರಿನಿಂದ ಕೈಗೆ ಬಿಸಿ ತಾಗುವವರೆಗೆ ಒಣಗಿಸಿ, ಬಿಸಿ ಇರುವಾಗಲೇ 68ನೇ ನಂಬರಿನ (ಆಯಿಲಿನ ದಪ್ಪ ಸೂಚಿಸುವ ನಂಬರ್) ಮೆಷಿನ್ ಆಯಿಲ್ ಹಚ್ಚಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಬಳಸಬೇಡಿ. ಅದು ಹಳಸಿ ಹುಳಿಯಾದರೆ ಕಂಚಿನ ಬುಷ್ಷಿಗೆ (ಶಾಫ್ಟ್ ತಿರುಗುವ ಬಳೆ) ಒಳ್ಳೆಯದಲ್ಲ. ಕೆಲಸ ಇಲ್ಲದ ದಿನಗಳಲ್ಲಿ ಬೆಡ್ಡಿನಡಿ 40 ವ್ಯಾಟಿನ ಹಳೆ ಮಾದರಿಯ ಬಲ್ಬ್ ಉರಿಸಿ, ಮೇಲಿಂದ ದಪ್ಪ ಬಟ್ಟೆ ಹೊದಿಸಿಡಿ. ಬಲ್ಬಿಗೆ ಬಟ್ಟೆಯಾಗಲಿ ಎಣ್ಣೆಯಾಗಲಿ ತಾಗಬಾರದು. ಕಬ್ಬಿಣ ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿದ್ದರೆ ಅದರ ಮೇಲೆ ನೀರು ಕೂರುವುದಿಲ್ಲ.

ಸ್ಪಿಂಡಲ್ ಕಂಚಿನ ಬುಷ್ಷಿನದಾದರೆ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಸಾಧನ) ಇಟ್ಟು, ಮರದ ತುಂಡಿನಿಂದ ಮೇಲಕ್ಕೆ ಎತ್ತಿ ನೋಡಿ. 0.02ರಿಂದ 0.03 ಮಿ.ಮೀ ಆಟ ಸರಿ. ಅದಕ್ಕಿಂತ ಹೆಚ್ಚಿದ್ದರೆ ಎರಡೂ ಬದಿಯಿಂದ ಸಮನಾಗಿ ಶಿಮ್ (ತೆಳು ಲೋಹದ ಹಾಳೆ) ತೆಗೆಯಬೇಕು. ಇಪ್ಪತ್ತು ನಿಮಿಷ ಓಡಿಸಿದಾಗ ಕೈಯಿಡಲಾಗದಷ್ಟು ಬಿಸಿಯಾದರೆ ಬಿಗಿ ಹೆಚ್ಚಾಗಿದೆ. ಕ್ರಾಸ್ ಸ್ಲೈಡಿನ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ನಟ್ಟು ಮಾತ್ರ ಹೊಸದು ಹಾಕಿ ಪ್ರಯೋಜನವಿಲ್ಲ. ಸ್ಕ್ರೂ ನಡುವೆ ಸವೆದಿರುತ್ತದೆ, ಹೊಸ ನಟ್ಟು ತುದಿಯಲ್ಲಿ ಬಿಗಿ, ನಡುವೆ ಸಡಿಲ. ಹಾಕುವುದಾದರೆ ಎರಡನ್ನೂ ಹಾಕಿ.

ಲೇತಿನದು ಮೂರು ಫೇಸ್ ಮೋಟಾರು, ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ವಿಎಫ್‌ಡಿ (ಸಿಂಗಲ್ ಫೇಸಿನಿಂದ ಅದನ್ನು ಓಡಿಸುವ ಸಾಧನ) ಬೇಕು. 1 ಎಚ್‌ಪಿ ಮೋಟಾರಿನ ಪ್ಲೇಟಿನಲ್ಲಿ 230/415 ಎಂದಿದ್ದು, ಮೋಟಾರಿನ ವೈರಿಂಗ್ ಪೆಟ್ಟಿಗೆಯಲ್ಲಿ ಆರು ತಂತಿ ತುದಿಗಳಿದ್ದರೆ 415 ವೋಲ್ಟಿನ ಸ್ಟಾರ್ ಜೋಡಣೆಯಿಂದ 230 ವೋಲ್ಟಿನ ಡೆಲ್ಟಾಕ್ಕೆ ಬದಲಾಯಿಸಿ. ಮೂರೇ ತುದಿಗಳಿದ್ದರೆ ವೈಂಡಿಂಗಿನವರಲ್ಲಿ ಕೊಟ್ಟು ಒಳಗಿನ ಸ್ಟಾರ್ ಜೋಡಣೆ ಬಿಡಿಸಿ ತರಬೇಕು. ವಿಎಫ್‌ಡಿ ಮತ್ತು ಮೋಟಾರಿನ ನಡುವೆ ಸ್ವಿಚ್ ಬೇಡ. ಚಕ್ ಥ್ರೆಡ್ಡಿನದಾದ್ದರಿಂದ ನಿಲ್ಲುವ ಸಮಯವನ್ನು 6ರಿಂದ 8 ಸೆಕೆಂಡಿಗೆ ಇಡಿ. ಥಟ್ಟನೆ ನಿಲ್ಲಿಸಿದರೆ ಚಕ್ ತನ್ನ ತೂಕದ ಓಟಕ್ಕೇ ಬಿಚ್ಚಿಕೊಂಡು ಹೊರಬರುತ್ತದೆ.

ಕೊನೆಗೆ ಲೆವೆಲ್ (ಬೆಡ್ ತಿರುಚದಂತೆ ಕೂರಿಸುವುದು), ಇದಕ್ಕೆ ಆತುರ ಸಲ್ಲದು. 40 ಮಿ.ಮೀ ಸಲಾಕೆಯನ್ನು ಚಕ್ಕಿನಿಂದ 150 ಮಿ.ಮೀ ಹೊರಗೆ ಹಿಡಿದು, ಟೇಲ್‌ಸ್ಟಾಕ್ ತಾಗಿಸದೆ, ಎರಡೂ ತುದಿಯಲ್ಲಿ ಒಂದೊಂದು ಪಟ್ಟಿ ಬಿಟ್ಟು ನಡುವೆ ಕಡೆದು ಸಪೂರ ಮಾಡಿ. ಹರಿತವಾದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ, ಕ್ರಾಸ್ ಸ್ಲೈಡ್ ಅಲುಗಿಸದೆ ಒಂದೇ ಓಟದಲ್ಲಿ, ಎರಡೂ ಪಟ್ಟಿಯಲ್ಲಿ 0.1 ಮಿ.ಮೀ ತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೊರತುದಿ ದಪ್ಪ ಬಂದರೆ ಟೇಲ್‌ಸ್ಟಾಕ್ ಬದಿಯ ಮುಂದಿನ ಕಾಲನ್ನು ಶಿಮ್ ಇಟ್ಟು ಎತ್ತಬೇಕು. ಬೆಡ್ ಹಿಂದಕ್ಕೆ ವಾಲಿ ಟೂಲ್ ಸಲಾಕೆಯ ಕಡೆ ಸರಿಯುತ್ತದೆ. ಸಪೂರ ಬಂದರೆ ಹಿಂದಿನ ಕಾಲು ಎತ್ತಿ. ಪ್ರತಿ ಸಲವೂ ಬೋಲ್ಟ್ ಬಿಗಿದ ಮೇಲೆಯೇ ಮತ್ತೆ ಕಟ್ ತೆಗೆದು ಅಳೆಯಬೇಕು. ಎರಡು ಪಟ್ಟಿಗಳ ವ್ಯತ್ಯಾಸ 0.02 ಮಿ.ಮೀ ಒಳಗೆ ಬಂದರೆ ತೋಟದ ಪಂಪಿನ ಶಾಫ್ಟ್, ಬುಷ್ ಕೆಲಸಕ್ಕೆ ಧಾರಾಳ. ಮಣ್ಣು ತುಂಬಿಸಿ ಕಾಂಕ್ರೀಟ್ ಹಾಕಿದ ನೆಲ ಮಳೆಗೆ ಕುಸಿಯುವುದರಿಂದ, ನವೆಂಬರಿನಲ್ಲಿ ನೆಲ ಒಣಗಿದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.