ಬಾಟಲಿ ನೀರು ಕೊಳ್ಳುವ ಮುನ್ನ ಗಮನಿಸಬೇಕಾದದ್ದು

ಅಂಗಡಿಯಲ್ಲಿ ‘ಮಿನರಲ್ ವಾಟರ್’ ಎಂದು ಕೇಳಿದಾಗ ನಮ್ಮ ಕೈಗೆ ಬರುವುದು ಹೆಚ್ಚಾಗಿ ಮಿನರಲ್ ವಾಟರ್ ಆಗಿರುವುದಿಲ್ಲವಾದ್ದರಿಂದ, ಮೊದಲು ಲೇಬಲ್ಲಿನ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಭಾರತೀಯ ಮಾನಕದ ಸಂಖ್ಯೆ ಐಎಸ್ 14543 ಎಂದಿದ್ದರೆ ಅದು ಕೊಳವೆಬಾವಿಯದೋ ನಲ್ಲಿಯದೋ ನೀರನ್ನು ಶುದ್ಧೀಕರಿಸಿ ತುಂಬಿದ್ದು. ಐಎಸ್ 13428 ಎಂದಿದ್ದರೆ, ನೈಸರ್ಗಿಕ ಮೂಲದಿಂದ ಪಡೆದು ಸಹಜ ಲವಣಾಂಶವನ್ನು ಉಳಿಸಿಕೊಂಡು ತುಂಬಿದ ನಿಜವಾದ ಮಿನರಲ್ ವಾಟರ್.

ಶುದ್ಧೀಕರಣ ಘಟಕದಲ್ಲಿ ನೀರು ಮರಳಿನ ಪದರದಲ್ಲಿ ಕೆಸರನ್ನು ಕಳೆದುಕೊಳ್ಳುತ್ತದೆ, ಇದ್ದಿಲಿನ ಪದರದಲ್ಲಿ ಕ್ಲೋರಿನ್ ಮತ್ತು ವಾಸನೆಯನ್ನು ಬಿಡುತ್ತದೆ. ಬಳಿಕ ಒತ್ತಡದಿಂದ ಅತಿಸೂಕ್ಷ್ಮ ರಂಧ್ರಗಳ ಆರ್‌ಒ ಪೊರೆಯನ್ನು ದಾಟುವಾಗ ಕರಗಿದ ಲವಣಗಳು ಬಹುಮಟ್ಟಿಗೆ ಹಿಂದೆಯೇ ಉಳಿಯುತ್ತವೆ. ಉಳಿದ ರೋಗಾಣುಗಳನ್ನು ನೇರಳಾತೀತ ಕಿರಣ ಮತ್ತು ಓಝೋನ್ ನಾಶಪಡಿಸುತ್ತವೆ.

ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಪಾವಗಡದಂತಹ ಕಡೆ ಕೊಳವೆಬಾವಿಯ ನೀರನ್ನು ಕುಡಿಯುವವರು ಒಂದು ಮಾತನ್ನು ಖಂಡಿತ ನೆನಪಿಡಬೇಕು: ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಅಲ್ಲಿ ಆರ್‌ಒದಂತಹ ವಿಧಾನವೇ ಬೇಕು. ಇಂತಹ ದೋಷವಿಲ್ಲದ, ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರುವ ನೀರಿಗೆ ಆರ್‌ಒ ಅಳವಡಿಸಿ ಬಕೆಟ್‌ಗಟ್ಟಲೆ ನೀರನ್ನು ಚರಂಡಿಗೆ ಬಿಡುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇಪ್ಪತ್ತು ಲೀಟರಿನ ಕ್ಯಾನ್ ಮನೆಗೆ ಬಂದಾಗ ಮುಚ್ಚಳದ ಸೀಲ್, ತಯಾರಿಕೆಯ ದಿನಾಂಕ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆಯನ್ನು ನೋಡಿ, ಕ್ಯಾನನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ತಳದ ಮಡಿಕೆಯಲ್ಲಿ ತೆಳ್ಳನೆಯ ಹಸಿರು ಕಂಡರೆ ಅದು ಪಾಚಿ, ಕೂಡಲೇ ಹಿಂತಿರುಗಿಸಿ. ಕ್ಯಾನನ್ನು ಬಿಸಿಲಿಗೆ ಇಡಬೇಡಿ, ನಲ್ಲಿಯ ಒಳಭಾಗವನ್ನು ವಾರಕ್ಕೊಮ್ಮೆ ಬಿಸಿನೀರಿನಿಂದ ತೊಳೆಯಿರಿ.